ಅರ್ಧಮುಖದವನ ನಾಲಿಗೆ

ಬಸ್ಸಿನಲ್ಲಿ ಎದುರಿಗೆ ಕೂತವರ ಬಾಯಿಗಳನ್ನು ನೋಡಬಾರದು ಎಂದುಕೊಂಡೇ ಅವಳು ನೋಡುತ್ತಿದ್ದಳು. ಹತ್ತು ತಿಂಗಳು ಬರೀ ಬಾಯಿಗಳ ಚಿತ್ರವನ್ನೇ ಬಿಡಿಸಿ ಅಂಟಿಕೊಂಡ ಚಾಳಿ ಇದು. ಯಾರಾದರೂ ಮಾತು ಶುರುವಿಟ್ಟರೆ ಸಾಕು, ಹಣೆಯಿಂದ ಗಲ್ಲದವರೆಗೆ ಒಂದು ಗೆರೆ ಎಳೆದು, ಈಚೆಯ ಅರ್ಧ ಮುಖವನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟು, ಒಳಗೆ ನಡೆಯುವುದನ್ನು ನೋಡುತ್ತಾಳೆ. ಕಿಟಕಿಯ ಬಳಿ ಒಬ್ಬ ಮುದುಕಿ ಮಗಳಿಗೆ ಏನೋ ಗದರುತ್ತಿದ್ದಳು. ಹಲ್ಲಿಲ್ಲದ ಬಾಯಲ್ಲಿ ನಾಲಿಗೆಗೆ ಒರಗಲು ಜಾಗವಿಲ್ಲದೆ ಅದು ತುಟಿಯವರೆಗೂ ಬಂದು ಬಂದು ಹೋಗುತ್ತಿತ್ತು. ಹಿಂದಿನ ಸೀಟಿನ ಇಬ್ಬರು ಪಿಸುಮಾತಿನಲ್ಲಿದ್ದರು. ಅವರ ಗಂಟಲು ಬೆಳಗುತ್ತಿರಲಿಲ್ಲ. ಅವಳ ಚಿತ್ರಗಳಲ್ಲಿ ದನಿ ಇದ್ದರೆ ಗಂಟಲು ಕಿತ್ತಳೆ ಬಣ್ಣಕ್ಕೆ ಬೆಳಗುತ್ತದೆ, ಪಿಸುಮಾತಿಗೆ ಬೂದು. ಬೆಳಗಿನ ಬಿಸಿಲು ಬಸ್ಸಿನೊಳಗೆ ಓರೆಯಾಗಿ ಬಿದ್ದು ಎಲ್ಲರೂ ಅರ್ಧರ್ಧವಾಗಿ ಕಂಡರು. ಕಂಡಕ್ಟರ್ ಬಂದು ಎಲ್ಲಿಗೆ ಎಂದ. ಅವಳು ಇಳಿಯಬೇಕಾದ ನಿಲ್ದಾಣದ ಹೆಸರಿನಲ್ಲಿ, ಅವಳು ಬಾಯಿಗೆ ತಾರದ ಆ ಒಂದು ಅಕ್ಷರ ಎರಡು ಸಲ ಬರುತ್ತದೆ. ಅದರ ಹಿಂದಿನ ನಿಲ್ದಾಣದ ಹೆಸರು ಹೇಳಿ ಚೀಟಿ ತೆಗೆದುಕೊಂಡಳು. ಮನೆಯ ನಿಲ್ದಾಣದ ಹೆಸರಿನಲ್ಲೂ ಅದು ಎರಡು ಸಲ, ಅಲ್ಲಿಗೂ ಹಾಗೆಯೇ, ಇಪ್ಪತ್ತು ವರ್ಷದಿಂದ ಒಂದು ನಿಲ್ದಾಣ ಮೊದಲೇ ಇಳಿದು ನಡೆಯುತ್ತಾಳೆ. ಕಾಲಿಗೆ ಒಳ್ಳೆಯದು ಎಂದು ಅಕ್ಕಪಕ್ಕದವರಿಗೆ ಹೇಳಿದ್ದಾಳೆ.

ಕಿವಿ ಕೇಳದ ಮಕ್ಕಳ ಶಾಲೆಯ ಮಾತಿನ ಟೀಚರ್ ಮೊನ್ನೆ ಫೋನ್ ಮಾಡಿದ್ದರು. ಒಂದು ಸಲ ಶಾಲೆಗೆ ಬಂದು ನೋಡಬೇಕು, ಚಿತ್ರಗಳೆಲ್ಲ ಚೆನ್ನಾಗಿವೆ, ಒಂದೇ ಒಂದು ಅಕ್ಷರ ಮಾತ್ರ ಮಕ್ಕಳಿಗೆ ಹತ್ತುತ್ತಿಲ್ಲ ಎಂದಿದ್ದರು. ಯಾವ ಅಕ್ಷರ ಎಂದು ಅವಳು ಕೇಳಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಫೋನ್ ಹಿಡಿದ ಕೈ ಬಿಟ್ಟು ಇನ್ನೊಂದು ಕೈ ತಾನಾಗಿ ಗಂಟಲಿಗೆ ಹೋಗಿತ್ತು. ಹೂಂ, ಆಗಲಿ, ಎಂದಷ್ಟೇ ಹೇಳಿದ್ದಳು. ಅಂದಿನಿಂದ ಎರಡು ದಿನ ಆ ಹೂಂ ಅವಳ ಬಾಯಲ್ಲಿ ಬಿಸಿ ತುಪ್ಪವಾಗಿತ್ತು.

ಅವಳ ಆಫೀಸಿನಲ್ಲಿ ಪಾಠಗಳನ್ನು ಚಲಿಸುವ ಚಿತ್ರಗಳಾಗಿ ಮಾಡುತ್ತಾರೆ. ಬೀಜ ಮೊಳೆಯುವುದು, ಗ್ರಹಣ ಹಿಡಿಯುವುದು, ಭಾಗಾಕಾರದಲ್ಲಿ ಶೇಷ ಉಳಿಯುವುದು. ಪುಸ್ತಕದಲ್ಲಿ ನಿಂತುಹೋದದ್ದನ್ನು ನಡೆಸಿ ತೋರಿಸಿದರೆ ಮಕ್ಕಳಿಗೆ ಬೇಗ ತಿಳಿಯುತ್ತದೆ ಎಂಬುದು ಅಲ್ಲಿನ ನಂಬಿಕೆ, ಹೆಚ್ಚುಕಡಿಮೆ ನಿಜವೂ ಹೌದು. ಕಿವಿ ಕೇಳದ ಮಕ್ಕಳಿಗೆ ಮಾತು ಕಲಿಸುವ ಕೆಲಸ ಬಂದಾಗ ಅವಳೇ ಮುಂದಾಗಿ ಕೈಯೆತ್ತಿದ್ದಳು. ಮೂವತ್ತನಾಲ್ಕು ಸದ್ದು, ಮೂವತ್ತನಾಲ್ಕು ಪುಟ್ಟ ಚಿತ್ರ. ಪ್ರತಿಯೊಂದರಲ್ಲೂ ಪಕ್ಕಕ್ಕೆ ತಿರುಗಿದ, ನಡುವೆ ಸೀಳಿದ ಒಂದು ಮುಖ. ಕೂದಲಿಲ್ಲ, ಕಿವಿಯಿಲ್ಲ, ಒಳಗೆ ನಸುಗೆಂಪು ನಾಲಿಗೆ ಏಳುತ್ತದೆ, ತಾಗುತ್ತದೆ, ಇಳಿಯುತ್ತದೆ. ಆ ಮುಖಕ್ಕೆ ಆಫೀಸಿನಲ್ಲಿ ಅರ್ಧಮುಖದವನು ಎಂದು ಹೆಸರು ಬಿತ್ತು. ಚಿತ್ರಕ್ಕೆ ಜೀವ ಕೊಡುವವರೆಲ್ಲರ ಮೇಜಿನ ಮೇಲೂ ಒಂದು ಕೈಗನ್ನಡಿ ಇರುತ್ತದೆ. ಅಳುವ ಮುಖ ಬೇಕಾದರೆ ತಾವೇ ಅತ್ತು ನೋಡಿಕೊಳ್ಳುತ್ತಾರೆ, ಆಕಳಿಕೆ ಬೇಕಾದರೆ ಆಕಳಿಸುತ್ತಾರೆ. ಹೊಸಬರು ಬಂದರೆ ಇದೆಲ್ಲಿಗೆ ಬಂದೆವಪ್ಪಾ ಎಂದು ಗಾಬರಿಯಾಗಬೇಕು, ಹಾಗಿರುತ್ತದೆ ಆ ಕೋಣೆ. ಅವಳೂ ಕನ್ನಡಿಯ ಮುಂದೆ ಬಾಯಿ ತೆರೆದು, ಟಾರ್ಚ್ ಹಿಡಿದು, ಕನ್ನಡಿಗೆ ಕಾಣದ್ದನ್ನು ಬೆರಳು ಹಾಕಿ ಮುಟ್ಟಿ, ಒಂದೊಂದು ಸದ್ದಿಗೂ ಹನ್ನೆರಡು ಚಿತ್ರ ಬಿಡಿಸಿದಳು. ಪುಸ್ತಕದ ನಕ್ಷೆ ಪಕ್ಕದಲ್ಲಿತ್ತು. ಆದರೆ ನಕ್ಷೆಯಲ್ಲಿ ನಾಲಿಗೆ ನಿಂತಿರುತ್ತದೆ. ಎಲ್ಲಿಂದ ಎದ್ದು ಎಲ್ಲಿಗೆ ಹೋಯಿತೆಂಬುದನ್ನು ನಾಲಿಗೆಯೇ ಹೇಳಬೇಕು.

ಶಾಲೆ ತಲುಪಿದಾಗ ಆಟದ ಹೊತ್ತು. ನೂರು ಮಕ್ಕಳು ಓಡುತ್ತಿದ್ದರು, ಅಷ್ಟು ಮಕ್ಕಳಿಗೆ ಇರಬೇಕಾದ ಗಲಾಟೆ ಇರಲಿಲ್ಲ. ಚಪ್ಪಲಿಗಳ ಸದ್ದು, ಉಸಿರು, ಆಗೊಮ್ಮೆ ಈಗೊಮ್ಮೆ ಎಲ್ಲಿಂದಲೋ ಕಿತ್ತು ಬಂದಂಥ ನಗು. ನೀರಿನೊಳಗೆ ನಿಂತು ದಡದ ಜಾತ್ರೆ ನೋಡಿದ ಹಾಗನಿಸಿತು ಅವಳಿಗೆ. ಮಾತೆಲ್ಲ ಕೈಗಳಲ್ಲಿತ್ತು. ಇಲ್ಲಿ ಸನ್ನೆಯನ್ನೂ ಕಲಿಸುತ್ತಾರೆ, ಬಾಯಿಮಾತನ್ನೂ ಕಲಿಸುತ್ತಾರೆ. ಮಕ್ಕಳು ಪ್ರತಿ ದೊಡ್ಡವರಿಗೂ ಸನ್ನೆಯಲ್ಲೇ ಒಂದು ಹೆಸರಿಡುತ್ತಾರಂತೆ. ಕಾವಲಿನವನ ಹೆಸರು ಮೀಸೆ ತಿರುವುವುದು. ಮಾತಿನ ಟೀಚರ್ ಹೆಸರು, ಮೂಗಿನ ಮೇಲೆ ಜಾರಿದ ಕನ್ನಡಕವನ್ನು ಒಂದೇ ಬೆರಳಿಂದ ಮೇಲಕ್ಕೆ ತಳ್ಳುವುದು. ಅಡ್ಡಹೆಸರು ಇಟ್ಟು ಎದುರಿಗೇ ಕರೆಯುತ್ತಾರೆ, ಕರೆಸಿಕೊಂಡವರು ತಿರುಗಿ ನೋಡುತ್ತಾರೆ, ಯಾರಿಗೂ ಏನೂ ಆಗುವುದಿಲ್ಲ. ಅವಳಿಗೆ ತನ್ನದು ನೆನಪಾಯಿತು. ಏ ಕಪ್ಪೆ, ಮೋಡ ಆಗಿದೆ ನೋಡು, ವಟಗುಟ್ಟು, ಎಂದು ಅಣ್ಣ ಅಂಗಳದಿಂದ ಕೂಗುತ್ತಿದ್ದ. ಅವಳು ಏಳು ವರ್ಷದವಳು. ತರಗತಿಯಲ್ಲಿ ಮೇಷ್ಟ್ರು ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿ, ಮರದ ಮೇಲೆ ಮೂರು ಗಿಳಿ ಎಂದು ಹೇಳಿಸಿದ್ದರು. ಹೇಳಿದಳು. ಎಲ್ಲರೂ ನಕ್ಕರು. ಇನ್ನೊಮ್ಮೆ ಎಂದರು. ಹೇಳಿದಳು, ಇನ್ನೂ ಜೋರಾಗಿ ನಕ್ಕರು. ನಗುವಿಗಿಂತ ಕೆಟ್ಟದ್ದು ಏನೆಂದರೆ, ಅವಳ ಕಿವಿಗೆ ಅದು ಸರಿಯಾಗಿಯೇ ಕೇಳುತ್ತಿತ್ತು. ಮೇಷ್ಟ್ರು ಹೇಳಿದ್ದೂ ಅದನ್ನೇ, ತಾನು ಹೇಳಿದ್ದೂ ಅದನ್ನೇ. ಹಾಗಾದರೆ ಇವರೆಲ್ಲ ಯಾವುದಕ್ಕೆ ನಗುತ್ತಿದ್ದಾರೆ? ಬೆಂಚಿನ ಮೇಲಿಂದ ಕೆಳಗೆ ನೋಡಿದರೆ ಎಲ್ಲರ ಬಾಯಿಗಳೂ ತೆರೆದಿದ್ದವು.

ತಪ್ಪು ನಾಲಿಗೆಯ ತುದಿಯಲ್ಲಿ ಇಲ್ಲ, ಬುಡದಲ್ಲಿದೆ ಎಂದು ಅವಳಿಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಎಲ್ಲರೂ ತುದಿಯನ್ನು ಮೇಲಕ್ಕೆತ್ತಿ ಅಂಗುಳಕ್ಕೆ ತಾಗಿಸಿ ನಡುಗಿಸುವ ಸದ್ದನ್ನು ಅವಳು ಗಂಟಲ ಹತ್ತಿರ, ಬಾಯಿ ಮುಕ್ಕಳಿಸುವಾಗಿನ ಜಾಗದಲ್ಲಿ ಮಾಡುತ್ತಿದ್ದಳು. ಅಷ್ಟು ಹೊತ್ತಿಗೆ ನಾಲಿಗೆ ಬಲಿತುಹೋಗಿತ್ತು. ಬಾಯಿ ಬಿಟ್ಟರೆ ತಾನೇ ಬಣ್ಣಗೇಡು, ಮಾತು ಕಮ್ಮಿ ಮಾಡು, ಯಾರಿಗೂ ಗೊತ್ತಾಗೋದಿಲ್ಲ, ಎಂದಳು ಅಮ್ಮ. ಪ್ರೀತಿಯಿಂದಲೇ ಎಂದಳು, ತಲೆ ಬಾಚುತ್ತಾ. ಮಾತು ಕಮ್ಮಿ ಮಾಡುವುದು ಎಷ್ಟು ದೊಡ್ಡ ಕಸುಬು ಎಂದು ಅಮ್ಮನಿಗೆ ತಿಳಿದಿರಲಿಲ್ಲ. ಮರ ಎನ್ನುವ ಬದಲು ಗಿಡ, ಊರು ಎನ್ನುವ ಬದಲು ಹಳ್ಳಿ. ನೀರು ಬೇಕಾದರೆ ಲೋಟ ತೋರಿಸುವುದು. ವಾರದ ಏಳು ದಿನಗಳ ಬಾಲದಲ್ಲೂ ಅದೇ ಅಕ್ಷರ ಜೋತುಬಿದ್ದಿದೆ, ಆದ್ದರಿಂದ ನಾಳೆ, ನಾಡಿದ್ದು, ಅದಕ್ಕೂ ಆಚೆಯಾದರೆ ಕ್ಯಾಲೆಂಡರಿನ ಮೇಲೆ ಬೆರಳು. ಗೌರವ ಕೊಟ್ಟು ಮಾತಾಡುವುದಂತೂ ಇನ್ನೂ ಕಷ್ಟ, ಯಾರು, ಅವರು, ಬಂದರು, ಹೋದರು, ದೊಡ್ಡವರಿರುವ ಕಡೆಯೆಲ್ಲ ಅದು ಇದ್ದೇ ಇರುತ್ತದೆ. ಹಾಗಾಗಿ ದೊಡ್ಡವರೆದುರು ಅವಳು ಸುಮ್ಮನಿದ್ದಳು, ಜನ ಅದಕ್ಕೆ ಕೊಬ್ಬು ಎಂದರು. ಕೊಬ್ಬು ಎನ್ನಿಸಿಕೊಳ್ಳುವುದು ಕಪ್ಪೆ ಎನ್ನಿಸಿಕೊಳ್ಳುವುದಕ್ಕಿಂತ ಎಷ್ಟೋ ವಾಸಿ.

ಮಾತಿನ ಟೀಚರ್ ಬಾಗಿಲಲ್ಲೇ ನಿಂತಿದ್ದರು. ಐವತ್ತೈದರ ಆಸುಪಾಸಿನವರು, ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಕೈಚೀಲದಲ್ಲಿ ನಾಲಿಗೆ ಒತ್ತಿ ಹಿಡಿಯುವ ಚಪ್ಪಟೆ ಕಡ್ಡಿಗಳು, ಒಂದು ಸಣ್ಣ ಟಾರ್ಚು. ಆಫೀಸಿಗೆ ನಾಲ್ಕು ಸಲ ಬಂದು ಚಿತ್ರಗಳನ್ನು ನೋಡಿ ಒಪ್ಪಿಗೆ ಕೊಟ್ಟವರು ಇವರೇ. ಆ ನಾಲ್ಕು ಸಲವೂ ಅವಳು ತಲೆಯಾಡಿಸಿ, ನಕ್ಕು, ತೋರಿಸಿ ನಿಭಾಯಿಸಿದ್ದಳು. ಲೋಕದ ಕಿವಿಗಳನ್ನೆಲ್ಲ ದಾಟಿಬಿಡಬಹುದು, ಈ ಕಿವಿಯನ್ನು ದಾಟುವ ಹಾಗಿಲ್ಲ ಎಂದು ಅವಳಿಗೆ ಮೊದಲ ದಿನವೇ ಗೊತ್ತಾಗಿತ್ತು. ನೀವು ಮಾತಾಡೋದೇ ಇಲ್ವಲ್ಲ, ನಮ್ಮ ಮಕ್ಕಳೇ ವಾಸಿ ಎಂದು ಟೀಚರ್ ಈಗಲೂ ಚೇಷ್ಟೆ ಮಾಡಿದರು. ಅವಳು ನಕ್ಕಳು. ಒಳಗೆ ಹನ್ನೆರಡು ಮಕ್ಕಳು ಅರ್ಧಚಂದ್ರಾಕಾರವಾಗಿ ಕೂತಿದ್ದರು, ಒಬ್ಬೊಬ್ಬರ ಕೈಯಲ್ಲೂ ಒಂದು ಕನ್ನಡಿ. ತನ್ನ ಆಫೀಸಿನ ಕೋಣೆಗೇ ಬಂದ ಹಾಗಾಯಿತು. ಗೋಡೆಯ ಮೇಲೆ ಪರದೆ, ಪರದೆಯ ಮೇಲೆ ಅರ್ಧಮುಖದವನು, ಬಾಗಿಲಿನಷ್ಟು ದೊಡ್ಡವನು. ಇಷ್ಟು ದೊಡ್ಡದಾಗಿ ಅವಳು ಅವನನ್ನು ನೋಡಿರಲಿಲ್ಲ. ತುಟಿಯ ಅಂಚಿನಲ್ಲಿ ಅವಳ ಕೈ ಒಮ್ಮೆ ಅದುರಿದ ಗುರುತು ಕೂಡ ಕಾಣುತ್ತಿತ್ತು.

ತ ಬಂತು. ನಾಲಿಗೆ ಹಲ್ಲಿನ ಹಿಂದಕ್ಕೆ ಒರಗಿ ಬಿಟ್ಟಿತು, ಮಕ್ಕಳು ಹೇಳಿದರು. ಪ ಬಂತು, ಅಂಗೈಯ ಮೇಲಿಟ್ಟ ಕಾಗದದ ಚೂರುಗಳು ಹನ್ನೆರಡೂ ಹಾರಿದವು. ಗ ಬಂದಾಗ ಎಲ್ಲರೂ ಗಂಟಲು ಹಿಡಿದುಕೊಂಡರು. ಟೀಚರ್ ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ. ಪರದೆಗೆ ಬೆನ್ನು, ಕಣ್ಣೆಲ್ಲ ಮಕ್ಕಳ ಬಾಯಿಗಳ ಮೇಲೆ. ಮೂವತ್ತು ವರ್ಷ ಹೀಗೇ ನಿಂತಿರಬೇಕು ಈಕೆ, ಮೊದಲು ಕಪ್ಪುಹಲಗೆಗೆ ಬೆನ್ನು, ಈಗ ಪರದೆಗೆ. ಪರದೆಯನ್ನು ಅವರು ನಂಬಿದ್ದರು. ಆಮೇಲೆ ಆ ಅಕ್ಷರ ಬಂತು. ಅರ್ಧಮುಖದವನ ನಾಲಿಗೆಯ ತುದಿ ಕೆಳಗೇ ಮಲಗಿತು, ಬುಡ ಮೆಲ್ಲಗೆ ಎದ್ದಿತು, ಗಂಟಲ ಬಳಿ ನಡುಗಿತು, ನಡುಕ ಕಿತ್ತಳೆಯಾಗಿ ಬೆಳಗಿತು. ಹನ್ನೆರಡು ಮಕ್ಕಳು ಬಾಯಿ ತೆರೆದರು. ಹನ್ನೆರಡು ಗಂಟಲುಗಳಿಂದ ಅವಳದೇ ಸದ್ದು ಹೊರಟಿತು.

ಅವಳ ಎದೆ ಧಸಕ್ಕೆಂದಿತು. ಆದರೆ ಅದು ನಾಚಿಕೆಯಾಗಿರಲಿಲ್ಲ, ಅದೇ ಅವಳನ್ನು ಇನ್ನಷ್ಟು ಹೆದರಿಸಿತು. ಹುಟ್ಟಿದಾರಭ್ಯ ಆ ಸದ್ದನ್ನು ಅವಳು ಹೊರಗಿನಿಂದ ಕೇಳಿರಲಿಲ್ಲ. ನಲವತ್ತೊಂದು ವರ್ಷ ಒಂಟಿಯಾಗಿ ಆಡಿದ ಭಾಷೆಯನ್ನು ಅಪರಿಚಿತ ಊರಿನಲ್ಲಿ ಹನ್ನೆರಡು ಮಂದಿ ಒಟ್ಟಿಗೆ ಆಡಿದ ಹಾಗೆ, ಬಾ ಕೂತುಕೋ ಎಂದ ಹಾಗೆ, ಸುಖವಾಯಿತು. ಕಣ್ಣು ತುಂಬಿ ಬಂತು. ಟೀಚರ್ ಅದನ್ನು ಬೇರೆ ಬಗೆಯಾಗಿ ತಿಳಿದು, ನೋಡಿದ್ರಾ, ಪಾಪ, ಎಷ್ಟು ಕಷ್ಟಪಡ್ತಾವೆ ಎಂದರು.

ಆ ಅಕ್ಷರ ಬಿಡಿಸಿದ ಮಧ್ಯಾಹ್ನ ಅವಳಿಗೆ ಚೆನ್ನಾಗಿ ನೆನಪಿದೆ. ಎಲ್ಲರೂ ಊಟಕ್ಕೆ ಹೋಗಿದ್ದರು. ಮೂವತ್ತಮೂರು ಮುಗಿದಿದ್ದವು. ಇದೊಂದನ್ನು ಕೊನೆಗೆ ತಳ್ಳುತ್ತಾ ತಳ್ಳುತ್ತಾ ಬಂದಿದ್ದಳು. ಪುಸ್ತಕದ ಆ ಪುಟ ತೆರೆದೇ ಇತ್ತು, ತುದಿ ಮೇಲೆ ಎಂದು ಬಾಣದ ಗುರುತು ಹಾಕಿ ಬರೆದೇ ಇತ್ತು. ಕನ್ನಡಿಯಲ್ಲಿ ಬಾಯಿ ತೆರೆದಳು. ಅವಳ ತುದಿ ಏಳಲಿಲ್ಲ. ಮೊದಲು ತನ್ನದನ್ನೇ ಕಚ್ಚಾ ಬಿಡಿಸಿಡುತ್ತೇನೆ, ನಡುಕದ ಲಯ ಸಿಗಲಿ, ಆಮೇಲೆ ತುದಿಯನ್ನು ತಿದ್ದಿದರಾಯಿತು ಎಂದುಕೊಂಡಳು. ಅದು ಸುಳ್ಳೇನೂ ಆಗಿರಲಿಲ್ಲ, ಆ ಗಳಿಗೆಗೆ. ಹನ್ನೆರಡು ಚಿತ್ರಗಳೂ ಒಂದರ ನೆರಳ ಮೇಲೊಂದು ತಾವಾಗಿ ಬಂದು ಕೂತವು, ಉಳಿದ ಮೂವತ್ತಮೂರರಲ್ಲಿ ಒಂದೂ ಹಾಗೆ ಬಂದಿರಲಿಲ್ಲ. ಓಡಿಸಿ ನೋಡಿದಳು. ಮತ್ತೆ ಓಡಿಸಿದಳು. ನಾಲಿಗೆಯ ಬುಡ ಎದ್ದು ನಡುಗಿ ಇಳಿಯುತ್ತಿತ್ತು, ಎದ್ದು ನಡುಗಿ ಇಳಿಯುತ್ತಿತ್ತು, ಅದರಲ್ಲಿ ನಗುವಂಥದ್ದು ಏನೂ ಇರಲಿಲ್ಲ. ಎಷ್ಟು ಚೆಂದವಿತ್ತೆಂದರೆ, ಅದನ್ನು ತಿದ್ದಬೇಕೆಂಬುದೇ ಮರೆತುಹೋಯಿತು. ಮರೆತುಹೋಯಿತೇ? ಪುಸ್ತಕ ಮುಚ್ಚಿದ್ದು ಅವಳೇ, ಕೈಯಾರೆ. ಟೀಚರ್ ಬಂದು ನೋಡಿದಾಗ, ಗಂಟಲು ಚೆನ್ನಾಗಿ ಬೆಳಗ್ತಿದೆ ಎಂದು ಮುಂದೆ ಹೋದರು. ನಡುಕವನ್ನು ದನಿಯ ಗುರುತೆಂದುಕೊಂಡಿರಬೇಕು. ಅವಳು ಆಗ ಬಾಯಿ ತೆರೆಯಬಹುದಿತ್ತು.

ಬೇರೆ ಮಕ್ಕಳನ್ನು ಊಟಕ್ಕೆ ಕಳಿಸಿ ಟೀಚರ್ ಎರಡು ಜಡೆಯ ಹುಡುಗಿಯೊಬ್ಬಳನ್ನು ನಿಲ್ಲಿಸಿಕೊಂಡರು. ಎಂಟು ವರ್ಷವಿರಬೇಕು, ಮೊಣಕಾಲಿನ ಮೇಲೆ ಹಳೆಯ ಗಾಯದ ಕಲೆ, ಒಂದು ಜಡೆ ಬಿಚ್ಚಿಹೋಗಿತ್ತು. ಎಲ್ಲರಿಗಿಂತ ಚುರುಕು ಎಂದುಕೊಂಡಿದ್ದೆ ಇವಳನ್ನ ಎಂದರು ಟೀಚರ್. ಬರುವ ತಿಂಗಳಿಂದ ಇವಳು ದೊಡ್ಡ ಶಾಲೆಗೆ, ಕಿವಿ ಕೇಳುವ ಮಕ್ಕಳ ಜೊತೆಗೆ ಹೋಗಬೇಕಾಗಿತ್ತಂತೆ. ಆ ಶಾಲೆಯವರು ಬಂದು ಮಾತಾಡಿಸಿ ನೋಡಿದಾಗ ಉಳಿದದ್ದೆಲ್ಲ ಸರಿಯಾಗಿ, ಈ ಒಂದರಲ್ಲಿ ಗೊರಗೊರ ಎಂದಳಂತೆ, ಅವರಲ್ಲೊಬ್ಬಾಕೆ ನಕ್ಕೇಬಿಟ್ಟಳಂತೆ. ಇವತ್ತು ಮಧ್ಯಾಹ್ನದೊಳಗೆ ಕಡತ ಕಳಿಸಬೇಕು, ನಾಲ್ಕು ತಿಂಗಳಿಂದ ಶಾಲೆ ಬಿಟ್ಟ ಮೇಲೂ ಕೂರಿಸಿಕೊಂಡು ಹೇಳಿಕೊಟ್ಟಿದ್ದಾಯಿತು. ಹೇಳುತ್ತಲೇ ಅವರು ಚಪ್ಪಟೆ ಕಡ್ಡಿ ತೆಗೆದು, ಹುಡುಗಿಯ ಬಾಯಿ ತೆರೆಸಿ, ನಾಲಿಗೆಯ ತುದಿಯನ್ನು ಮೇಲಕ್ಕೆತ್ತಿ ಹಿಡಿದರು. ಹುಡುಗಿಗೆ ವಾಕರಿಕೆ ಬಂದು ಕಣ್ಣಲ್ಲಿ ನೀರಾಡಿತು, ತಡೆದುಕೊಂಡಳು. ಕಡ್ಡಿ ತೆಗೆದ ಕೂಡಲೆ ತುದಿ ಕೆಳಗಿಳಿಯಿತು. ಹುಡುಗಿಯ ಕಣ್ಣು ಟೀಚರ್ ಹೆಗಲ ಮೇಲಿಂದ ಪರದೆಯ ಮೇಲಿತ್ತು. ಪರದೆಯಲ್ಲಿ ಏನಿತ್ತೋ ಅದನ್ನು ಮಾಡಿದಳು, ಗಂಟಲಲ್ಲಿ, ಚೊಕ್ಕವಾಗಿ. ಮಾಡಿ, ಸರಿಯಾಯಿತೇ ಎಂದು ಟೀಚರ್ ಮುಖ ನೋಡಿದಳು. ಪಕ್ಕದಲ್ಲಿ ನಿಂತಿದ್ದ ಅವಳಿಗೆ ಆ ನೋಟ ಗೊತ್ತಿತ್ತು. ಬೆಂಚಿನ ಮೇಲಿಂದ ಅವಳೂ ಹಾಗೇ ನೋಡಿದ್ದಳು.

ಟೀಚರಿಗೆ ಬೇಕಾಗಿದ್ದು ಸಣ್ಣ ಉಪಕಾರ. ಈ ಒಂದು ಅಕ್ಷರವನ್ನು ಇನ್ನೂ ನಿಧಾನವಾಗಿ, ಇನ್ನೂ ದೊಡ್ಡದಾಗಿ ಮಾಡಿಕೊಡಬೇಕು, ಈ ಮಕ್ಕಳಿಗೆ ಅಷ್ಟು ಬೇಗ ಹಿಡಿಯಲು ಆಗುತ್ತಿಲ್ಲ, ತಪ್ಪು ನಿಮ್ಮದಲ್ಲ ಎಂದರು. ಅವಳು ತಲೆಯಾಡಿಸಿದಳು. ಎಷ್ಟು ಸುಲಭ! ನಾಳೆ ಪುಸ್ತಕ ತೆರೆದು, ತುದಿಯನ್ನು ಎತ್ತಿ, ಹನ್ನೆರಡರ ಬದಲು ಇಪ್ಪತ್ತನಾಲ್ಕು ಚಿತ್ರ ಮಾಡಿ ಕಳಿಸಿದರೆ, ಅದೇ ನಿಧಾನದ ಚಿತ್ರ ಎಂದು ಎಲ್ಲರೂ ತಿಳಿಯುತ್ತಾರೆ. ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ. ಬೇರೆ ಹನ್ನೊಂದು ಶಾಲೆಗಳಿಗೂ ಹೋಗಿರುವ ಹಳೆಯದರ ಮೇಲೆ ಹೊಸದನ್ನು ಸದ್ದಿಲ್ಲದೆ ಇಟ್ಟುಬಿಡಬಹುದು. ನಾಳೆನೇ ಕೊಡ್ತೀನಿ ಎಂದಳು. ಮಾತು ಮುಗಿದುಹೋಯಿತು ಎನ್ನುವಷ್ಟು ಹಗುರವಾಗಿ ಕಿಟಕಿಯಿಂದ ಗಾಳಿ ಬಂತು, ಪರದೆ ಅಲುಗಿತು, ಅರ್ಧಮುಖದವನ ಕೆನ್ನೆ ನಕ್ಕ ಹಾಗೆ ಸುಕ್ಕಾಯಿತು. ಟೀಚರ್ ಮೇಜಿಗೆ ಹೋಗಿ ಕಡತ ಬಿಚ್ಚಿದರು. ಬರೆಯುತ್ತಾ ತಮಗೇ ಎಂಬಂತೆ ಓದಿಕೊಂಡರು.

"ದೃಷ್ಟಿ ಚುರುಕು. ಗಮನ ಒಳ್ಳೆಯದು. ಅನುಕರಣೆ..." ಪೆನ್ನು ನಿಂತಿತು. ಅವರು ಕನ್ನಡಕ ಮೇಲಕ್ಕೆ ತಳ್ಳಿಕೊಂಡರು. "ಅನುಕರಣೆ ದುರ್ಬಲ ಅಂತ ಬರೀಲೇಬೇಕಾಗುತ್ತೆ. ಇನ್ನೊಂದು ವರ್ಷ ಇಲ್ಲೇ ಇರಲಿ, ಏನ್ ಮಾಡೋದು."

ಹುಡುಗಿ ಕೂತಲ್ಲೇ ಕನ್ನಡಿಯಲ್ಲಿ ನೋಡಿಕೊಳ್ಳುತ್ತಾ ಆ ಸದ್ದನ್ನು ಇನ್ನೂ ಮಾಡುತ್ತಿದ್ದಳು. ಅವಳಿಗೆ ಯಾರ ಮಾತೂ ಕೇಳುತ್ತಿರಲಿಲ್ಲ. ಇಷ್ಟು ಕರಾರುವಾಕ್ಕಾಗಿ ಯಾರೂ ಯಾರನ್ನೂ ಅನುಕರಿಸಿರಲಾರರು. ಬುಡ ಎಷ್ಟು ಏಳಬೇಕೋ ಅಷ್ಟೇ ಎದ್ದು, ಎಷ್ಟು ನಡುಗಬೇಕೋ ಅಷ್ಟೇ ನಡುಗಿ. ಹನ್ನೆರಡು ಚಿತ್ರಗಳನ್ನೂ ಒಂದೊಂದಾಗಿ ಎಣಿಸಿ ನುಂಗಿದ್ದಾಳೆ ಈ ಪುಟ್ಟಿ. ನೋಡುತ್ತಿದ್ದವಳು ಮೇಜಿನತ್ತ ಒಂದು ಹೆಜ್ಜೆ ಇಟ್ಟಳು. ಹೇಳುವುದಕ್ಕೆ ಆ ಅಕ್ಷರವಿಲ್ಲದ ಮಾತುಗಳನ್ನು ಹುಡುಕಿದಳು, ಇಷ್ಟು ವರ್ಷದ ಕಸುಬು, ಚೀಲದ ತುಂಬ ಇರಬೇಕಾಗಿತ್ತು. ಒಂದೂ ಸಿಗಲಿಲ್ಲ. ಪೆನ್ನು ದುರ್ಬಲದ ದು ಎಂಬಲ್ಲಿಗೆ ಬಂದಿತ್ತು.

"ಟೀಚರ್, ಅದನ್ನ ಬರೀಬೇಡಿ."

ಟೀಚರ್ ಅವಳತ್ತ ತಿರುಗಲಿಲ್ಲ. ಎದುರಿನ ಗೋಡೆಯನ್ನು ನೋಡಿದರು. ದೂರದಲ್ಲೆಲ್ಲೋ ತಮ್ಮ ಮನೆಯ ಗಂಟೆ ಹೊಡೆದದ್ದನ್ನು ಕೇಳಿಸಿಕೊಂಡವರ ಹಾಗೆ ಕುತ್ತಿಗೆ ಸ್ವಲ್ಪ ಓರೆಯಾಯಿತು.

"ಇನ್ನೊಂದು ಸಲ ಹೇಳಿ."

"ಬರೀಬೇಡಿ."

"ಮರ ಅನ್ನಿ."

ಬೆಂಚು ಇರಲಿಲ್ಲ ಅಷ್ಟೆ. "ಮರ," ಎಂದಳು.

ಯಾರೂ ನಗಲಿಲ್ಲ. ಪೆನ್ನು ಮೇಜಿನ ಮೇಲೆ ಉರುಳಿ ನೆಲಕ್ಕೆ ಬಿತ್ತು. ಅದರ ಸದ್ದು ಕೇಳದಿದ್ದರೂ ಬಿದ್ದದ್ದನ್ನು ಕಂಡು ಹುಡುಗಿ ತಲೆಯೆತ್ತಿದಳು, ಟೀಚರ್ ಮುಖ ನೋಡಿದಳು, ಆಮೇಲೆ ಇವಳ ಬಾಯಿ, ಆಮೇಲೆ ಇವಳ ಗಂಟಲು. ನೋಡುತ್ತಾ ನೋಡುತ್ತಾ ಎದ್ದು ಬಂದಳು. ಕಲಿಸಿದ್ದ ಹಾಗೆಯೇ ಅಂಗೈಯನ್ನು ಬಿಡಿಸಿ ಅವಳ ಗಂಟಲಿನ ಮೇಲಿಟ್ಟು, ಮತ್ತೆ ಹೇಳು ಎಂದು ಗಲ್ಲ ಎತ್ತಿದಳು. ಅವಳು ಹೇಳಿದಳು. ಹುಡುಗಿ ಇನ್ನೊಂದು ಕೈಯಿಂದ ತನ್ನ ಗಂಟಲು ಮುಟ್ಟಿಕೊಂಡು ಹೇಳಿದಳು. ಎರಡೂ ಅಂಗೈಗಳಲ್ಲಿ ಒಂದೇ ನಡುಕ ಸಿಕ್ಕಿರಬೇಕು, ಮುಖ ಅರಳಿತು. ಓಡಿ ಹೋಗಿ ಪರದೆಯ ಮೇಲಿನವನ ಗಂಟಲನ್ನು ತಟ್ಟಿದಳು, ತಿರುಗಿ ಅವಳತ್ತ ಬೆರಳು ತೋರಿಸಿದಳು. ಇವರೇ ಅವನು. ಸನ್ನೆ ಬಾರದವರಿಗೂ ತಿಳಿಯುವಂತಿತ್ತು.

ಟೀಚರ್ ಆಗ ಮೊದಲ ಸಲ ಪರದೆಯ ಕಡೆ ತಿರುಗಿ ನಿಂತರು. ಅರ್ಧಮುಖದವನು ಅದೇ ಅಕ್ಷರವನ್ನು ಏಳೆಂಟು ಸಲ ಹೇಳುವವರೆಗೂ ನೋಡಿದರು. ಅವರು ಕೂಗಾಡಿದ್ದರೆ ಅವಳಿಗೆ ಎಷ್ಟೋ ಸಲೀಸಾಗುತ್ತಿತ್ತು.

"ನಾಲ್ಕು ತಿಂಗಳು ಈ ಮಗು ಬಾಯಲ್ಲಿ ಕಡ್ಡಿ ಇಟ್ಟಿದ್ದೀನಿ ನಾನು," ಎಂದರು. "ಅದು ಸರಿಯಾಗಿ ಮಾಡ್ತಿತ್ತು, ನಾನು ತಪ್ಪು ತಪ್ಪು ಅಂತಿದ್ದೆ. ನಿಮಗೆ ಗೊತ್ತಿತ್ತಾ?"

ಗೊತ್ತಿತ್ತು ಎಂದಳು. ಗೊತ್ತಿರಲಿಲ್ಲ ಎಂಬುದೂ ಒಂದು ರೀತಿಯಲ್ಲಿ ನಿಜವೇ, ಆದರೆ ಅದನ್ನು ವಿವರಿಸುವ ಹಕ್ಕು ತನಗಿಲ್ಲ ಎನ್ನಿಸಿತು. ಬದಲಿಗೆ ಎಲ್ಲವನ್ನೂ ಹೇಳಿದಳು, ಮಧ್ಯಾಹ್ನ, ಕನ್ನಡಿ, ಮುಚ್ಚಿದ ಪುಸ್ತಕ. ಮಾತು ಆಯ್ದು ಆಡಲಿಲ್ಲ. ಗಂಟಲು ಗೊರಗುಟ್ಟುತ್ತಲೇ ಇತ್ತು. ಇಷ್ಟು ಉದ್ದ ಅವಳು ಯಾರ ಹತ್ತಿರವೂ ಮಾತಾಡಿರಲಿಲ್ಲ. ಹೇಳಿ ಮುಗಿಸುವ ಹೊತ್ತಿಗೆ ನಾಚಿಕೆಗಿಂತ ಹೆಚ್ಚಾಗಿ ದವಡೆ ನೋಯುತ್ತಿತ್ತು. ಟೀಚರ್ ಕೇಳಿಸಿಕೊಂಡರು, ಅವರ ಕಿವಿ ತಪ್ಪನ್ನಷ್ಟೇ ಕೇಳುತ್ತಿದೆಯೋ ಮಾತನ್ನೂ ಕೇಳುತ್ತಿದೆಯೋ ತಿಳಿಯಲಿಲ್ಲ. ನಾನೂ ನೋಡಿ ಒಪ್ಪಿದವಳೇ, ನನ್ನ ಪಾಲೂ ಇದೆ ಎಂದರು ಕೊನೆಗೆ, ಬೇಸರದಿಂದ. ಪೆನ್ನು ಎತ್ತಿಕೊಂಡು ದು ಎಂಬುದನ್ನು ಹೊಡೆದುಹಾಕಿ ಅದರ ಪಕ್ಕದಲ್ಲಿ ಬರೆದರು: ತೋರಿಸಿದ್ದನ್ನು ತೋರಿಸಿದ ಹಾಗೆಯೇ ಮಾಡುತ್ತಾಳೆ, ತೋರಿಸಿದ್ದು ತಪ್ಪಾಗಿತ್ತು. ಬೇರೆ ಹನ್ನೊಂದು ಶಾಲೆಗಳ ಮಾತು ಬಂತು. ಎಲ್ಲ ಕಡೆಗೂ ಕಾಗದ ಕಳಿಸುತ್ತೇನೆ ಎಂದಳು.

"ಕಾಗದ ಯಾರು ಓದ್ತಾರೆ? ಫೋನ್ ಮಾಡಿ," ಎಂದರು ಟೀಚರ್. "ನಿಮ್ಮ ಬಾಯಿಂದಲೇ ಹೇಳಿ. ಕೇಳಿದ್ರೆ ಅವರಿಗೆ ಅಲ್ಲೇ ಗೊತ್ತಾಗುತ್ತೆ, ಬಿಡಿಸಿ ಹೇಳೋದೇ ಬೇಡ."

ಅದರಲ್ಲಿ ಕುಹಕವಿತ್ತೋ ಇಲ್ಲವೋ, ಇದ್ದರೂ ಸಲ್ಲುವಂಥದ್ದೇ. ಹೊಸ ಚಿತ್ರಕ್ಕೆ ತಮ್ಮ ಬಾಯಿ ನೋಡಿ ಬಿಡಿಸಿಕೊಳ್ಳಬೇಕೆಂದು ಟೀಚರ್ ಕುರ್ಚಿಯಲ್ಲಿ ಕೂತು ಟಾರ್ಚನ್ನು ತಾವೇ ಹಿಡಿದರು. ಅವಳು ಚೀಲದಿಂದ ಕಾಗದ ತೆಗೆದಳು. ಬೇರೆಯವರ ಬಾಯಿಯೊಳಗೆ ಅಷ್ಟು ಹತ್ತಿರದಿಂದ ಅವಳು ಯಾವತ್ತೂ ನೋಡಿರಲಿಲ್ಲ. ಹಿಂದೆ ಎರಡು ಹಲ್ಲು ಹೋಗಿದ್ದವು. ನಾಲಿಗೆಯ ತುದಿ ಎದ್ದು ಅಂಗುಳಕ್ಕೆ ತಾಗಿ, ಬಾವುಟದ ಅಂಚಿನ ಹಾಗೆ ಪಟಪಟಿಸಿತು. ಇಷ್ಟೇನೇ ಎನ್ನಿಸಿತು ಅವಳಿಗೆ, ಇದಕ್ಕಾಗಿಯೇ ಇಷ್ಟೆಲ್ಲ. ಪಕ್ಕದಲ್ಲಿ ಹುಡುಗಿಯೂ ಬಗ್ಗಿ ನೋಡುತ್ತಿದ್ದಳು, ಅವಳ ಬಿಚ್ಚಿದ ಜಡೆ ಕಾಗದದ ಮೇಲೆ ಬೀಳುತ್ತಿತ್ತು. ಬಿಡಿಸಿದ್ದಾದ ಮೇಲೆ ಟೀಚರ್ ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು ಸನ್ನೆಯಲ್ಲಿ ಬಹಳ ಹೊತ್ತು ಹೇಳಿದರು. ನಡುವೆ ಒಮ್ಮೆ ತಮ್ಮ ಕೆನ್ನೆಗೆ ತಾವೇ ಹೊಡೆದುಕೊಂಡರು, ತಪ್ಪಾಯಿತು ಎಂಬಂತೆ, ಹುಡುಗಿ ಅವರ ಕೈ ಹಿಡಿದಳು. ಹುಡುಗಿ ಯೋಚಿಸಿದಳು. ಅವಳನ್ನು ನೋಡಿದಳು. ಗಂಟಲಿನ ಮೇಲೆ ಬೆರಳಿಟ್ಟುಕೊಂಡು ಟೀಚರಿಗೆ ಏನನ್ನೋ ಕೇಳಿದಳು.

ಏನಂತೆ ಎಂದು ಅವಳು ಕೇಳಿದಳು.

"ಹೊಸದು ಕಲಿತ ಮೇಲೆ ಹಳೇದನ್ನ ಏನ್ಮಾಡಲಿ ಅಂತ ಕೇಳ್ತಿದ್ದಾಳೆ."

ಕಿಟಕಿಯಾಚೆ ಮಕ್ಕಳು ಊಟ ಮುಗಿಸಿ ಮತ್ತೆ ಓಡುತ್ತಿದ್ದರು, ಅದೇ ಚಪ್ಪಲಿ, ಅದೇ ಉಸಿರು. ತನಗೆ ಯಾರೂ ಹೇಳದಿದ್ದ ಉತ್ತರವನ್ನು ಈಗ ತಾನು ಹೇಳಬೇಕಾಗಿತ್ತು. ಮರೆತುಬಿಡು ಎನ್ನಬಹುದಿತ್ತು. ಬಚ್ಚಿಟ್ಟುಕೋ ಎನ್ನಬಹುದಿತ್ತು, ಅದರಲ್ಲಿ ಅವಳು ಪಳಗಿದವಳು.

"ನನ್ನದು ಅದು," ಎಂದಳು. "ನನಗೇ ತಿರುಗಿ ಕೊಟ್ಟುಬಿಡು ಅನ್ನಿ."

ಟೀಚರ್ ಕೈಗಳಲ್ಲಿ ಹೇಳಿದರು. ಹುಡುಗಿ ಅದನ್ನು ತಮಾಷೆಯೆಂದುಕೊಳ್ಳಲಿಲ್ಲ. ಎರಡು ಬೆರಳುಗಳಿಂದ ಗಂಟಲನ್ನು ತಡಕಿ, ಅಲ್ಲಿ ಸಿಕ್ಕಿದ್ದನ್ನು ಜೋಪಾನವಾಗಿ ಹಿಡಿದು ತೆಗೆದು, ಅವಳ ಬಲಗೈ ಎಳೆದು ಅಂಗೈಯ ನಡುವೆ ಇಟ್ಟಳು. ಬಿದ್ದುಹೋಗದ ಹಾಗೆ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಮುಚ್ಚಿದಳು, ಹೆಬ್ಬೆರಳನ್ನು ಕೊನೆಗೆ. ಆಮೇಲೆ ಊಟಕ್ಕೆ ಓಡಿದಳು.

ಬಸ್ಸು ಅಷ್ಟೇನೂ ತುಂಬಿರಲಿಲ್ಲ. ಕಿಟಕಿಯ ಸೀಟು ಸಿಕ್ಕಿತು. ಮುಖಗಳು ಇಡಿಯಾಗಿ ಕಂಡವು, ಕಿವಿ, ಕೂದಲು, ಬೆವರು ಎಲ್ಲ ಇದ್ದ ಮುಖಗಳು. ಕಂಡಕ್ಟರ್ ಬಂದು ಎಲ್ಲಿಗೆ ಎಂದ. ಅವಳು ತನ್ನ ನಿಲ್ದಾಣದ ಹೆಸರು ಹೇಳಿದಳು. ಅವನಿಗೆ ತಿಳಿಯಲಿಲ್ಲ, ಎಲ್ಲಿಗಮ್ಮಾ ಎಂದ. ಹಿಂದಿನ ಸೀಟಿನಲ್ಲಿ ಯಾರೋ ತಿರುಗಿ ನೋಡಿದರು. ಮತ್ತೆ ಹೇಳಿದಳು, ಇನ್ನೂ ಸ್ವಲ್ಪ ಜೋರಾಗಿ, ಎರಡು ಕಡೆಯೂ ಗಂಟಲು ನಡುಗಿಸಿ. ಅವನು ಚೀಟಿ ಹರಿದ. ತೆಗೆದುಕೊಳ್ಳಲು ಅವಳು ಎಡಗೈ ಚಾಚಿದ್ದನ್ನು ಕಂಡು ಅವನು ಒಂದಿಷ್ಟು ಹುಬ್ಬು ಗಂಟಿಕ್ಕಿದ. ಅವಳ ಬಲಗೈ ಇನ್ನೂ ಮುಚ್ಚಿಯೇ ಇತ್ತು.